ಬಿಸಿ ಮೇಣ ಮತ್ತು ಸ್ಕ್ರೀನ್: ಕರಾವಳಿಯ ಮನೆಯಲ್ಲಿ ಮೈವಳಿಕೆಯ (ಟೆಕ್ಸ್ಚರ್, ಅಂದರೆ ಮೇಲ್ಮೈಯ ಒರಟು-ನಯ) ಚಿತ್ರ ಕಟ್ಟುವ ಬಗೆ

ಬಿಸಿ ಮೇಣದಲ್ಲಿ ಚಿತ್ರ ಬರೆಯುವ ಎನ್‌ಕಾಸ್ಟಿಕ್ ಪದ್ಧತಿಯ ಬಗ್ಗೆ ಮಂಗಳೂರು, ಉಡುಪಿ ಕಡೆ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ, ಈ ಸೆಕೆಯಲ್ಲಿ ಮೇಣ ಗೋಡೆಯ ಮೇಲೆ ನಿಲ್ಲುತ್ತದೆಯೇ ಎಂಬುದು. ನಿಲ್ಲುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನವೂ ಸಾಮಾನ್ಯವಾಗಿ 35ರ ಆಸುಪಾಸಿನಲ್ಲೇ ಇರುತ್ತದೆ. ಈಜಿಪ್ಟಿನ ಫಯ್ಯೂಮ್ ಪ್ರದೇಶದಲ್ಲಿ ಕ್ರಿ.ಶ. 1ರಿಂದ 3ನೆಯ ಶತಮಾನದ ನಡುವೆ ಮರದ ಹಲಗೆಗಳ ಮೇಲೆ ಮೇಣದಲ್ಲಿ ಬರೆದ ಮುಖಚಿತ್ರಗಳು ಇಂದಿಗೂ ಬಣ್ಣಗೆಡದೆ ವಸ್ತುಸಂಗ್ರಹಾಲಯಗಳಲ್ಲಿವೆ. ಆದರೆ ಅವು ಅಷ್ಟು ಚೆನ್ನಾಗಿ ಉಳಿದದ್ದು ಅಲ್ಲಿನ ಒಣಹವೆಯಿಂದ ಎಂಬುದನ್ನೂ ನೆನಪಿಡಬೇಕು. ಕರಾವಳಿಯಲ್ಲಿ ಈ ಕೆಲಸಕ್ಕೆ ಅಡ್ಡ ಬರುವುದು ಬಿಸಿಯಲ್ಲ, ತೇವ. ಮೇಣದ ಹಲಗೆಗೂ, ಅದರೊಳಗೆ ಹುದುಗಿಸುವ ಕಾಗದವನ್ನು ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗ್‌ನ ಎಮಲ್ಷನ್‌ಗೂ (ಜಾಲರಿಬಟ್ಟೆಗೆ ಹಚ್ಚುವ, ಬೆಳಕಿಗೆ ಗಟ್ಟಿಯಾಗುವ ಲೇಪ) ತೇವವೇ ವೈರಿ. ಅದನ್ನು ನಿಭಾಯಿಸಲು ಕಲಿತರೆ ಉಳಿದದ್ದೆಲ್ಲ ಕೈಯ ಅಭ್ಯಾಸ.

ಆದ್ದರಿಂದ ಕೆಲಸದ ಕಾಲವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಎರಡೂ ಕೆಲಸಗಳು ಸುಲಭವಾಗಿ ಸಾಗುತ್ತವೆ. ಬೇಸಗೆಯಲ್ಲಿ ಮೇಣದ ಮೇಲ್ಮೈ ಬಹಳ ಹೊತ್ತು ಮೆತ್ತಗಿರುವುದರಿಂದ ಅಚ್ಚೊತ್ತುವ ಕೆಲಸಕ್ಕೆ ಅನುಕೂಲ, ಗೆರೆ ಕೊರೆಯುವ ಕೆಲಸಕ್ಕೆ ಅನನುಕೂಲ. ಕೊರೆದ ಗೆರೆಯ ಅಂಚು ನಿಲ್ಲದೆ ಕುಸಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಎಮಲ್ಷನ್ ಹಚ್ಚುವ ಸಾಹಸಕ್ಕೆ ಹೋಗದೆ, ಮೇಣವನ್ನು ಶುದ್ಧಮಾಡುವುದು, ವಿನ್ಯಾಸ ಸಿದ್ಧಪಡಿಸುವುದು, ಕಾಗದದ ಕೊರೆಯಚ್ಚಿನಿಂದ (ಸ್ಟೆನ್ಸಿಲ್) ಮುದ್ರಿಸುವುದು ಮುಂತಾದ ಕೆಲಸಗಳನ್ನು ಇಟ್ಟುಕೊಳ್ಳಬಹುದು.

ಮೇಣ ಮತ್ತು ರಾಳ

ಎನ್‌ಕಾಸ್ಟಿಕ್‌ನ ಮೂಲ ಸಾಮಗ್ರಿ ಎರಡೇ: ಜೇನುಮೇಣ ಮತ್ತು ಡಾಮರ್ ರಾಳ (ರಸ್ತೆಯ ಡಾಂಬರಲ್ಲ, ಮರದಿಂದ ಒಸರಿ ಗಟ್ಟಿಯಾದ ಅಂಟು). ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಜೇನು ಕೃಷಿಕರಲ್ಲಿ ತೊಡುವೆ ಜೇನಿನ ಮೇಣ ಸಿಗುತ್ತದೆ. ಹೆಜ್ಜೇನಿನ ಮೇಣವೂ ಆಗುತ್ತದೆ. ತಂದ ಮೇಣದಲ್ಲಿ ಜೇನಿನ ಅಂಶ ಉಳಿದಿದ್ದರೆ ಇರುವೆ ಮುತ್ತುತ್ತದೆ. ಅದನ್ನು ನೀರಿನೊಂದಿಗೆ ಕರಗಿಸಿ, ತೆಳು ಪಂಚೆಯ ಬಟ್ಟೆಯಲ್ಲಿ ಸೋಸಿ, ತಣಿದ ಮೇಲೆ ಮೇಲೆ ಗಟ್ಟಿಯಾದ ಬಿಲ್ಲೆಯನ್ನು ತೆಗೆದು ಅಡಿಯ ಕಸವನ್ನು ಕೆರೆದುಹಾಕಬೇಕು. ಈ ಬಿಲ್ಲೆಯನ್ನು ವಾರವಾದರೂ ಗಾಳಿಯಲ್ಲಿ ಒಣಗಲು ಬಿಡುವುದು ಮುಖ್ಯ. ಒಳಗೆ ಸಿಕ್ಕಿಕೊಂಡ ನೀರಿನ ಹನಿ ಮುಂದೆ ಕಾವಲಿಯ ಮೇಲೆ ಸಿಡಿಯುತ್ತದೆ. ಅಂಗಡಿಯ ಅಗ್ಗದ ಮೇಣದಲ್ಲಿ ಪ್ಯಾರಫಿನ್ ಬೆರೆತಿರುವುದು ಅಪರೂಪವಲ್ಲ. ಉಗುರಿನಿಂದ ಕೆರೆದು ಬೆರಳ ನಡುವೆ ನಾದಿದಾಗ ಜೇನುಮೇಣ ಒಂದುಗೂಡಿ ಉಂಡೆಯಾಗುತ್ತದೆ, ಪ್ಯಾರಫಿನ್ ಪುಡಿಪುಡಿಯಾಗಿ ಉದುರುತ್ತದೆ.

ರಾಳದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಗ್ರಂಧಿಗೆ ಅಂಗಡಿಯಲ್ಲಿ ರಾಳ ಎಂದು ಕೇಳಿದರೆ ಕೆಲವೊಮ್ಮೆ ಪೈನ್ ಮರದ ರಾಳವನ್ನು ಕೊಡುತ್ತಾರೆ; ಅದು ಕಾಲಕ್ರಮದಲ್ಲಿ ಹಳದಿಯಾಗುತ್ತದೆ ಮತ್ತು ಬಿರುಕು ಬಿಡುತ್ತದೆ. ಚಿತ್ರಕಲಾ ಸಾಮಗ್ರಿ ಮಾರುವವರಿಂದ ಡಾಮರ್ ಹರಳನ್ನೇ ತರಿಸಿಕೊಳ್ಳುವುದು ಲೇಸು. ಪಶ್ಚಿಮ ಘಟ್ಟದ ಧೂಪದ ಮರದ ಬಿಳಿ ರಾಳ ಕೈಗೆ ಸಿಕ್ಕರೆ ಸಣ್ಣ ತುಂಡಿನ ಮೇಲೆ ಪ್ರಯೋಗ ಮಾಡಿ ನೋಡಬಹುದೇ ಹೊರತು ಇಡೀ ಹಲಗೆಯನ್ನು ಅದರ ಮೇಲೆ ಪಣಕ್ಕಿಡಬಾರದು.

ಪ್ರಮಾಣ ಹೀಗೆ. ತೂಕದಲ್ಲಿ ಎಂಟು ಪಾಲು ಮೇಣಕ್ಕೆ ಒಂದು ಪಾಲು ರಾಳ ಎಂಬುದು ಸಾಮಾನ್ಯವಾಗಿ ಬಳಸುವ ಅಳತೆ. ನಮ್ಮ ಸೆಕೆಗೆ ಸ್ವಲ್ಪ ಗಟ್ಟಿಯಾಗಿರಲೆಂದು ಆರಕ್ಕೆ ಒಂದರಂತೆ, ಅಂದರೆ 300 ಗ್ರಾಂ ಮೇಣಕ್ಕೆ 50 ಗ್ರಾಂ ರಾಳ ಹಾಕಬಹುದು. ಅದಕ್ಕಿಂತ ಹೆಚ್ಚಿಸಿದರೆ ಪದರ ಗಾಜಿನಂತೆ ಚಕ್ಕೆ ಏಳುತ್ತದೆ. ರಾಳವನ್ನು ಬಟ್ಟೆಯಲ್ಲಿ ಕಟ್ಟಿ ಕುಟ್ಟಿ ಪುಡಿಮಾಡಿ, ಕರಗಿದ ಮೇಣಕ್ಕೆ ಸೇರಿಸಿ, ಸುಮಾರು 100 ಡಿಗ್ರಿಯಲ್ಲಿ ನಿಧಾನವಾಗಿ ಕಲಕುತ್ತ ಕರಗಿಸಬೇಕು. ಇದು ಅವಸರದ ಕೆಲಸವಲ್ಲ. ಪೂರ್ತಿ ಕರಗಿದ ಮೇಲೆ ತೊಗಟೆಯ ಚೂರುಗಳನ್ನು ಸೋಸಿ ಬಿಸ್ಕತ್ತಿನಷ್ಟು ಗಾತ್ರದ ಬಿಲ್ಲೆಗಳಾಗಿ ಎರಕ ಹೊಯ್ದಿಟ್ಟುಕೊಂಡರೆ ತಿಂಗಳುಗಟ್ಟಲೆ ಬಳಸಬಹುದು.

ಬಣ್ಣಕ್ಕೆ ಪುಡಿವರ್ಣಗಳನ್ನೋ ಎಣ್ಣೆಬಣ್ಣವನ್ನೋ ಬೆರೆಸಬೇಕು. ಎಣ್ಣೆಬಣ್ಣವಾದರೆ ಅದನ್ನು ಹೀರುಕಾಗದದ ಮೇಲೆ ಒಂದು ರಾತ್ರಿ ಇಟ್ಟು ಎಣ್ಣೆಯನ್ನು ಇಳಿಸಿಕೊಳ್ಳಬೇಕು. ನಮ್ಮ ಅಂಗಳದ ಕೆಂಪುಕಲ್ಲಿನ ಹುಡಿ ಒಳ್ಳೆಯ ಬಣ್ಣ. ಅದರ ಕೆಂಪು ಕಬ್ಬಿಣದ ಆಕ್ಸೈಡಿನದ್ದಾದ್ದರಿಂದ ಬಿಸಿಲಿಗೆ ಮಾಸುವುದಿಲ್ಲ. ನೀರಿನಲ್ಲಿ ಕದಡಿ, ಮರಳು ಅಡಿಗಿಳಿದ ಮೇಲೆ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ತಂಗಿದ ನುಣ್ಣನೆಯ ಮಣ್ಣನ್ನು ಚೆನ್ನಾಗಿ ಒಣಗಿಸಿ ಅರೆದುಕೊಳ್ಳಬೇಕು. ಅರಿಶಿನ ನೋಡಲು ಆಸೆ ಹುಟ್ಟಿಸಿದರೂ ಬೆಳಕಿಗೆ ಬೇಗ ಬಿಳಿಚಿಕೊಳ್ಳುತ್ತದೆ. ರಂಗೋಲಿಯ ಬಣ್ಣದ ಪುಡಿಯೂ ಬೇಡ. ಸೀಸ, ಕ್ಯಾಡ್ಮಿಯಂ ಇರುವ ಪುಡಿಗಳನ್ನು ಮನೆಯೊಳಗೆ ತರಲೇಬಾರದು, ಮತ್ತು ಯಾವ ಪುಡಿಯನ್ನು ಕಲಸುವಾಗಲೂ ಧೂಳು ತಡೆಯುವ ಮಾಸ್ಕ್ ಧರಿಸಬೇಕು.

ಬೆಂಕಿ, ಹೊಗೆ, ವಿದ್ಯುತ್ತು

ಇಂಡಕ್ಷನ್ ಒಲೆ ಅಥವಾ ಹಾಟ್ ಪ್ಲೇಟ್, ಅದರ ಮೇಲೆ ದಪ್ಪ ತಳದ ಹಳೆಯ ದೋಸೆ ಕಾವಲಿ, ಕಾವಲಿಯ ಮೇಲೆ ಬಣ್ಣಕ್ಕೊಂದರಂತೆ ಸಣ್ಣ ಲೋಹದ ಡಬ್ಬಿ: ಇಷ್ಟಿದ್ದರೆ ಬಣ್ಣದ ತಟ್ಟೆ ಸಿದ್ಧ. ಈ ಕಾವಲಿ ಮತ್ತೆ ಅಡುಗೆಮನೆಗೆ ಹೋಗಬಾರದು. ಗ್ಯಾಸ್ ಒಲೆಯ ಬೆಂಕಿ ಬೇಡವೇ ಬೇಡ. ಮೇಣವನ್ನು 80ರಿಂದ 95 ಡಿಗ್ರಿಯ ನಡುವೆ ಇಡಬೇಕು. ಒಲೆಯ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಥರ್ಮಾಮೀಟರನ್ನು ಡಬ್ಬಿಯಲ್ಲೇ ಅದ್ದಿ ನೋಡಬೇಕು. ಹೊಗೆ ಕಂಡರೆ ಮೇಣ ಮಿತಿಮೀರಿ ಕಾದಿದೆ ಎಂದರ್ಥ, ಮತ್ತು ಆ ಹೊಗೆ ಕಣ್ಣು, ಶ್ವಾಸಕೋಶಗಳಿಗೆ ಕೆಟ್ಟದ್ದು.

ಕಿಟಕಿ ತೆರೆದಿದ್ದರೆ ಸಾಕೆಂದು ತಿಳಿಯಬಾರದು. ಇಲ್ಲಿ ಬೆಳಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ, ಹೊತ್ತೇರಿದ ಮೇಲೆ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಪಶ್ಚಿಮದ ಕಿಟಕಿಯ ಮುಂದೆ ಮೇಜಿಟ್ಟವರಿಗೆ ಮಧ್ಯಾಹ್ನ ಮೇಣದ ಆವಿಯೆಲ್ಲ ಮುಖಕ್ಕೇ ಬರುತ್ತದೆ. ಬೆಳಗಿನ ಹೊತ್ತು ಕೆಲಸ ಮಾಡಿ, ಆವಿಯನ್ನು ನಿಮ್ಮಿಂದ ಆಚೆಗೆ ಎಳೆಯುವಂತೆ ಮೇಜಿನ ಎದುರು ಬದಿಗೆ ಎಕ್ಸಾಸ್ಟ್ ಫ್ಯಾನ್ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಪದರಗಳನ್ನು ಬೆಸೆಯಲು ಬಳಸುವ, ಬಿಸಿಗಾಳಿ ಊದುವ ಹೀಟ್ ಗನ್ ಸಾಮಾನ್ಯವಾಗಿ 1500ರಿಂದ 2000 ವಾಟ್ ಎಳೆಯುತ್ತದೆ, ಇಂಡಕ್ಷನ್ ಒಲೆಯೂ ಅಷ್ಟೇ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬಾರದು. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯದೆ ಮುಚ್ಚಳ ಮುಚ್ಚಿ ವಿದ್ಯುತ್ ಆರಿಸಬೇಕು. ಒಂದು ಬಕೆಟ್ ಒಣ ಮರಳು ಮೇಜಿನ ಪಕ್ಕದಲ್ಲೇ ಇರಲಿ. ಕೈಮೇಲೆ ಬಿಸಿ ಮೇಣ ಬಿದ್ದರೆ ಅದನ್ನು ಕೀಳಲು ಹೋಗದೆ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕು. ಕೆಲಸದ ನಡುವೆ ಕರೆಂಟ್ ಹೋದರೆ, ನಮ್ಮಲ್ಲಿ ಹೋಗದಿರುವುದೇ ವಿಶೇಷ, ಕುಂಚವನ್ನು ಡಬ್ಬಿಯಲ್ಲೇ ಬಿಟ್ಟು ಗಟ್ಟಿಯಾಗಲು ಬಿಟ್ಟರೂ ಕುಂಚಕ್ಕೆ ನಷ್ಟವಿಲ್ಲ. ಸ್ವಿಚ್ ಆರಿಸಿಡುವುದನ್ನು ಮಾತ್ರ ಮರೆಯಬಾರದು.

ಹಲಗೆ ಮತ್ತು ಮೊದಲ ಪದರಗಳು

ಮೇಣಕ್ಕೆ ಬಾಗದ, ಹೀರಿಕೊಳ್ಳುವ ಆಧಾರ ಬೇಕು. ಬಡಗಿಯವರಲ್ಲಿ ಉಳಿದ 12 ಮಿಲಿಮೀಟರ್ ದಪ್ಪದ, ಲ್ಯಾಮಿನೇಟ್ ಇಲ್ಲದ ಪ್ಲೈವುಡ್ ತುಂಡು ಸಾಕು. ಅಕ್ರಿಲಿಕ್ ಜೆಸ್ಸೋ (ಚಿತ್ರ ಬರೆಯುವ ಮುನ್ನ ಹಚ್ಚುವ ಬಿಳಿ ಲೇಪ) ಬಳಿದ ಕ್ಯಾನ್ವಾಸ್ ಸಲ್ಲದು. ಅಕ್ರಿಲಿಕ್ ಮೇಣವನ್ನು ಹೀರುವುದಿಲ್ಲ, ಕ್ಯಾನ್ವಾಸ್ ಬಾಗಿದಾಗ ಮೇಣ ಸಿಡಿಯುತ್ತದೆ. ಎಂ.ಡಿ.ಎಫ್. (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ನಮ್ಮ ಮಳೆಗಾಲಕ್ಕೆ ಊದಿಕೊಳ್ಳುತ್ತದೆ. ಇನ್ನೊಂದು ಒಳ್ಳೆಯ ಆಧಾರ ನಮ್ಮ ಸೂರಿನ ಮೇಲೆಯೇ ಇದೆ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹೆಂಚು ಮೆರುಗಿಲ್ಲದ ಸುಟ್ಟ ಮಣ್ಣು; ಮೇಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಳೆಯ ಹೆಂಚಾದರೆ ಪಾಚಿಯನ್ನು ಉಜ್ಜಿ ತೊಳೆದು ಹಲವು ದಿನ ಬಿಸಿಲಿಗಿಡಬೇಕು.

ಹಲಗೆಯಲ್ಲಿ ತೇವವಿದೆಯೇ ಎಂದು ತಿಳಿಯಲು ಹೀಟ್ ಗನ್ನಿನಿಂದ ಒಂದು ಮೂಲೆಯನ್ನು ಬಿಸಿಮಾಡಿ ಸ್ವಲ್ಪ ಬಣ್ಣವಿಲ್ಲದ ಮೇಣ ಹಚ್ಚಿ ನೋಡಿ. ಸೂಜಿಮೊನೆಯಂಥ ಗುಳ್ಳೆಗಳು ಸಾಲಾಗಿ ಎದ್ದರೆ ಮರದೊಳಗಿನ ನೀರು ಆವಿಯಾಗುತ್ತಿದೆ. ಆ ಹಲಗೆಯನ್ನು ಇನ್ನಷ್ಟು ದಿನ ಒಣಗಿಸಬೇಕು. ಒಣಗಿದ ಹಲಗೆಯನ್ನು ಮುಟ್ಟಲು ಬೆಚ್ಚಗಾಗುವಷ್ಟು ಕಾಯಿಸಿ, ಹಂದಿಕೂದಲಿನ ಅಥವಾ ಬೇರೆ ನೈಸರ್ಗಿಕ ಕೂದಲಿನ ಕುಂಚದಿಂದ ಬಣ್ಣವಿಲ್ಲದ ಮೇಣವನ್ನು ತೆಳುವಾಗಿ ಎರಡು ಬಾರಿ ಹಚ್ಚಬೇಕು. ನೈಲಾನ್ ಕುಂಚ ಬಿಸಿಗೆ ಸುರುಟಿಹೋಗುತ್ತದೆ.

ಪ್ರತಿ ಪದರವನ್ನೂ ಕೆಳಗಿನ ಪದರಕ್ಕೆ ಬಿಸಿಯಿಂದ ಬೆಸೆಯುವುದೇ ಈ ಕಲೆಯ ತಿರುಳು. ಹೀಟ್ ಗನ್ನಿನ ಗಾಳಿಯನ್ನು ಕಡಿಮೆಗಿಟ್ಟು, 10ರಿಂದ 15 ಸೆಂಟಿಮೀಟರ್ ದೂರದಿಂದ, ಒಂದೆಡೆ ನಿಲ್ಲಿಸದೆ ಆಡಿಸುತ್ತಿರಬೇಕು. ದೀಪವನ್ನು ತಲೆಯ ಮೇಲಿಡದೆ ಹಲಗೆಯ ಪಕ್ಕದಲ್ಲಿ ತಗ್ಗಾಗಿ ಇಟ್ಟುಕೊಂಡರೆ ಮಂಕಾದ ಮೇಣದ ಮೇಲೆ ಒದ್ದೆ ಹೊಳಪು ಸರಿದುಬರುವುದು ಸ್ಪಷ್ಟವಾಗಿ ಕಾಣುತ್ತದೆ. ಹೊಳಪು ಬಂದ ಕ್ಷಣವೇ ಮುಂದಕ್ಕೆ ಹೋಗಬೇಕು. ಹೊಳಪೇ ಬಾರದಿದ್ದರೆ ಪದರ ಮುಂದೆ ಎದ್ದುಬರುತ್ತದೆ. ಹೊಳಪು ಬಂದ ಮೇಲೂ ನಿಂತರೆ ಮೇಣ ಹರಿದು, ಕಟ್ಟಿದ ಒರಟೆಲ್ಲ ಸಪಾಟಾಗುತ್ತದೆ. ಮೈವಳಿಕೆ ಉಳಿಯುವುದೂ ಅಳಿಯುವುದೂ ಈ ಎರಡು ಸೆಕೆಂಡಿನ ಅಂತರದಲ್ಲಿ.

ಮೇಣದಲ್ಲಿ ಮೈವಳಿಕೆ

ಕುಂಚದಿಂದಲೇ ಎಬ್ಬಿಸುವ ಒರಟು ಎಲ್ಲಕ್ಕಿಂತ ಸರಳ. ಮೇಣವನ್ನು 70 ಡಿಗ್ರಿಯ ಹತ್ತಿರಕ್ಕೆ ಇಳಿಸಿ, ತಣಿದ ಹಲಗೆಯ ಮೇಲೆ ಕುಂಚವನ್ನು ನೇರವಾಗಿ ಹಿಡಿದು ತುದಿಯಿಂದ ಹಗುರವಾಗಿ ತಟ್ಟುತ್ತ ಹೋಗಬೇಕು. ಮೊದಲ ಸುತ್ತಿನಲ್ಲಿ ಚುಕ್ಕೆಗಳು ಮಾತ್ರ ಬೀಳುತ್ತವೆ. ಎರಡನೆಯ, ಮೂರನೆಯ ಸುತ್ತಿನಲ್ಲಿ ಕುಂಚ ಎತ್ತರದ ಚುಕ್ಕೆಗಳನ್ನಷ್ಟೇ ತಾಗುವುದರಿಂದ ಅವೇ ಬೆಳೆಯುತ್ತ, ನಡುವಿನ ತಗ್ಗುಗಳು ಹಾಗೇ ಉಳಿಯುತ್ತವೆ. ಎರಡು ಸುತ್ತಿಗೊಮ್ಮೆ ದೂರದಿಂದ ಬಿಸಿ ತಾಗಿಸಿ ಬೆಸೆಯಬೇಕು. ಸುತ್ತಿಗೊಂದು ಬಣ್ಣ ಬಳಸಿ ಕೊನೆಗೆ ಅಗಲದ ಚೂರಿಯಿಂದ ತುದಿಗಳನ್ನು ಹೆರೆದರೆ ಪ್ರತಿ ಗುಬುಟೂ ಬಣ್ಣದ ಉಂಗುರಗಳಾಗಿ ತೆರೆದುಕೊಳ್ಳುತ್ತದೆ.

ಅಚ್ಚೊತ್ತಲು ಮೇಣ ಸರಿಯಾದ ಹದಕ್ಕೆ ಬರುವವರೆಗೆ ಕಾಯಬೇಕು. ಬೆರಳಿಗೆ ಅಂಟಬಾರದು, ಒತ್ತಿದರೆ ತಗ್ಗು ಬೀಳಬೇಕು. ಹೆಂಚಿನ ಅಡಿಭಾಗದ ಉಬ್ಬಕ್ಷರಗಳು, ಗೋಣಿಚೀಲ, ಹೆಣೆದ ಚಾಪೆ, ಅಡಿಕೆ ಹಾಳೆಯ ಒಳಮೈ, ಮಲ್ಪೆಯ ದಕ್ಕೆಯಲ್ಲಿ ಬಿದ್ದಿರುವ ಬಲೆಯ ತುಂಡು, ಇವೆಲ್ಲ ಬೇರೆ ಬೇರೆ ಗುರುತು ಬಿಡುತ್ತವೆ. ಒತ್ತುವ ವಸ್ತುವನ್ನು ನೀರಿನಲ್ಲಿ ಒದ್ದೆಮಾಡಿ ಕೊಡವಿದರೆ ಮೇಣ ಕಚ್ಚುವುದಿಲ್ಲ. ಒತ್ತಿದ ಮೇಲೆ ಉಳಿದ ನೀರನ್ನು ಒರೆಸಿ, ಪೂರ್ತಿ ಆರಿದ ನಂತರವೇ ಮುಂದಿನ ಪದರ ಹಚ್ಚಬೇಕು. ಬಲೆಯನ್ನು ಒತ್ತಿ ತೆಗೆಯುವುದು ಸರಿ, ಮೇಣದೊಳಗೆ ಹುದುಗಿಸುವುದು ತಪ್ಪು: ಈಗಿನ ಬಲೆಗಳು ಪ್ಲಾಸ್ಟಿಕ್, ಹೀಟ್ ಗನ್ನಿನ ಬಿಸಿಗೆ ಸುರುಟಿ ಕೆಟ್ಟ ಹೊಗೆ ಬಿಡುತ್ತವೆ. ಹುದುಗಿಸಲು ತೆಂಗಿನ ನಾರು, ಹತ್ತಿಯ ಜಾಳು ಬಟ್ಟೆ, ತೆಳು ಕಾಗದ ತಕ್ಕವು. ಸಮುದ್ರದ ಮರಳನ್ನು ಬಳಸುವುದಾದರೆ ಸಿಹಿನೀರಿನಲ್ಲಿ ಹಲವು ಬಾರಿ ತೊಳೆಯಬೇಕು, ಇಲ್ಲವಾದರೆ ಉಪ್ಪು ತೇವವನ್ನು ಎಳೆಯುತ್ತಲೇ ಇರುತ್ತದೆ.

ಕೊರೆಯುವ ವಿಧಾನಕ್ಕೆ ಹೊರಗಿನ ಮಾದರಿಗಳನ್ನು ಹುಡುಕಬೇಕಾಗಿಲ್ಲ. ಕೊಂಕಣ ಕರಾವಳಿಯ ದೇವಸ್ಥಾನಗಳ ಕಾವಿ ಕಲೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದು ಹಸಿಯಾಗಿರುವಾಗಲೇ ಉಕ್ಕಿನ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ತೋರಿಸುತ್ತಿದ್ದರು. ಮೇಣದಲ್ಲೂ ಇದೇ ಕ್ರಮ ಒಗ್ಗುತ್ತದೆ. ಮೂರು-ನಾಲ್ಕು ಪದರ ಬಿಳಿ ಮೇಣ ಹಚ್ಚಿ ಬೆಸೆದು, ಪೂರ್ತಿ ತಣಿದ ಮೇಲೆ ಕೆಂಪುಕಲ್ಲಿನ ಹುಡಿ ಬೆರೆಸಿದ ಒಂದೇ ಒಂದು ಪದರವನ್ನು ಬೇಗ ಬೇಗ ಹಚ್ಚಿ, ಬಹಳ ಹಗುರವಾಗಿ ಬೆಸೆಯಬೇಕು; ಹೆಚ್ಚು ಕಾಯಿಸಿದರೆ ಕೆಂಪು ಬಿಳಿಯೊಳಗೆ ಇಳಿದು ಎರಡೂ ಕೆಡುತ್ತವೆ. ಉಗುರುಬೆಚ್ಚಗಿರುವಾಗ ಕೈವಾರದಿಂದಲೂ ದಬ್ಬಣದಿಂದಲೂ ಗೆರೆ ಎಳೆದರೆ ಕೆಂಪು ಮೇಣ ಸುರುಳಿಯಾಗಿ ಏಳುತ್ತದೆ. ಆ ಸುರುಳಿಗಳನ್ನು ಒತ್ತಿ ಒರೆಸದೆ, ತಣಿದ ಮೇಲೆ ಒಣ ಕುಂಚದಿಂದ ಗುಡಿಸಬೇಕು. ಏಪ್ರಿಲ್‌ನಲ್ಲಿ ಈ ಕೆಲಸಕ್ಕೆ ಬೆಳಗಿನ ಜಾವವೇ ಗತಿ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಬಗೆಯೂ ಇದೆ: ಕೊರೆದ ಗೆರೆಯೊಳಗೆ ಗಾಢ ಎಣ್ಣೆಬಣ್ಣ ತುಂಬಿ ಮೇಲಿನದ್ದನ್ನು ಅಗಸೆಎಣ್ಣೆ ಸೋಕಿಸಿದ ಬಟ್ಟೆಯಿಂದ ಒರೆಸುವುದು. ಮನೆಯಲ್ಲಿ ಕೈಗೆ ಸಿಗುವ ತೆಂಗಿನೆಣ್ಣೆಯನ್ನು ಇದಕ್ಕೆ ಬಳಸಬಾರದು, ಏಕೆಂದರೆ ಅದು ಎಂದಿಗೂ ಒಣಗುವುದಿಲ್ಲ. ಅಗಸೆಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆಯಲೂ ಬಾರದು. ಅದು ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಬೇಕು.

ಸ್ಕ್ರೀನ್ ಸಿದ್ಧಪಡಿಸುವುದು

ಮರದ ಫ್ರೇಮ್ ಮಳೆಗಾಲದಲ್ಲಿ ಸೊಟ್ಟಗಾಗುವುದರಿಂದ ಅಲ್ಯೂಮಿನಿಯಂ ಫ್ರೇಮ್ ಮೇಲು. ಫ್ರೇಮಿಗೆ ಬಿಗಿಯುವ ಸಣ್ಣ ಜಾಲರಿಯ ಬೋಲ್ಟಿಂಗ್ ಬಟ್ಟೆಯನ್ನು ಸೆಂಟಿಮೀಟರಿಗೆ ಎಷ್ಟು ಎಳೆ ಎಂದು ಕೆಲವರು, ಇಂಚಿಗೆ ಎಷ್ಟು ಎಂದು ಕೆಲವರು ಲೆಕ್ಕ ಹೇಳುತ್ತಾರೆ. ಸೆಂಟಿಮೀಟರಿಗೆ 43 ಎಳೆಯದ್ದು (ಇಂಚಿಗೆ ಸುಮಾರು 110) ದಪ್ಪ ಆಕಾರಗಳಿಗೆ, 77 ಎಳೆಯದ್ದು (ಸುಮಾರು 195) ಸೂಕ್ಷ್ಮ ಗುರುತುಗಳಿಗೆ ಸರಿ.

ಮೈವಳಿಕೆಯ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಹುಡುಕುವ ಬದಲು ಉಜ್ಜಿ ತೆಗೆಯಬಹುದು. ಮೇಣಕ್ಕೆ ಒತ್ತಿದ ಹೆಂಚನ್ನೇ, ಚಾಪೆಯನ್ನೇ ಟ್ರೇಸಿಂಗ್ ಪೇಪರಿನಡಿ ಇಟ್ಟು ಕಪ್ಪು ಕ್ರೇಯಾನನ್ನು ಮಲಗಿಸಿ ಗಟ್ಟಿಯಾಗಿ ಉಜ್ಜಿದರೆ ಅದರ ಕಣಕಣದ ಗುರುತು ಮೂಡುತ್ತದೆ. ಬೆಳಕಿಗೆ ಹಿಡಿದಾಗ ಕಪ್ಪು ನಿಜವಾಗಿ ಕಪ್ಪಾಗಿರಬೇಕು. ಬೂದುಬಣ್ಣದ ಕಡೆ ಮತ್ತೊಮ್ಮೆ ಉಜ್ಜಬೇಕು. ಇದಕ್ಕೆ 77 ಎಳೆಯ ಬಟ್ಟೆಯೇ ಬೇಕು.

ಎಮಲ್ಷನ್ ಕೊಳ್ಳುವಾಗ ನೀರಿನ ಬಣ್ಣಕ್ಕೆ ತಾಳುವ ಡಯಾಜೋ ಎಮಲ್ಷನ್ ಎಂದು ನಿರ್ದಿಷ್ಟವಾಗಿ ಕೇಳಿ. ಮದುವೆ ಕಾಗದ ಮುದ್ರಿಸುವವರು ಬಳಸುವುದು ಬಹುಮಟ್ಟಿಗೆ ಥಿನ್ನರ್ ಶಾಯಿಗೆ ತಕ್ಕದ್ದು. ನೀರಿನ ಬಣ್ಣಕ್ಕೆ ಅದು ಮೆತ್ತಗಾಗಿ ಕಿತ್ತುಬರುತ್ತದೆ. ಬೈಕ್ರೋಮೇಟ್ ಬೆರೆಸುವ ಹಳೆಯ ಕ್ರಮ ಅಗ್ಗವಾದರೂ ವಿಷಕಾರಿ, ಮನೆಗೆ ಬೇಡ. ಎಮಲ್ಷನನ್ನು ಎರಡೂ ಬದಿಗೆ ತೆಳುವಾಗಿ ಎಳೆದು, ಕತ್ತಲ ಕೋಣೆಯಲ್ಲಿ ಅಡ್ಡಲಾಗಿ ಮಲಗಿಸಿ, ಫ್ಯಾನಿನ ಗಾಳಿಗೆ ಒಣಗಿಸಬೇಕು. ಕರಾವಳಿಯ ಸ್ಕ್ರೀನ್‌ಗಳು ಹೆಚ್ಚಾಗಿ ಹಾಳಾಗುವುದು ಇಲ್ಲಿಯೇ: ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ತೇವವಿದ್ದರೆ ಬೆಳಕಿಗೆ ಅದು ಗಟ್ಟಿಯಾಗದೆ ತೊಳೆಯುವಾಗ ಹಾಳೆಹಾಳೆಯಾಗಿ ಜಾರುತ್ತದೆ. ಒಣಗಿತೆಂದು ತೋರಿದ ಮೇಲೂ ಒಂದೆರಡು ಗಂಟೆ ಬಿಡಿ.

ನಂತರ ಟ್ರೇಸಿಂಗ್ ಪೇಪರಿನ ಕ್ರೇಯಾನ್ ಬದಿ ಎಮಲ್ಷನ್‌ಗೆ ತಾಗುವಂತೆ ಇಟ್ಟು, ಮೇಲೆ ಗಾಜು, ಕೆಳಗೆ ಕಪ್ಪು ಬಟ್ಟೆ ಇರಿಸಿ ನಡುಹಗಲ ಬಿಸಿಲಿಗೆ ಒಡ್ಡಬೇಕು. ಎಷ್ಟು ಹೊತ್ತು ಎಂಬುದನ್ನು ಒಂದು ಹಳೆಯ ಸ್ಕ್ರೀನಿನ ಮೇಲೆ ರಟ್ಟನ್ನು 30 ಸೆಕೆಂಡಿಗೊಮ್ಮೆ ಸರಿಸುತ್ತ ಪರೀಕ್ಷಿಸಿ ತಿಳಿಯುವುದೇ ದಾರಿ. ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿಯಾಗುತ್ತದೆ, ಕಪ್ಪಿನಡಿಯದು ತಣ್ಣೀರಿನ ಸಿಂಪಡಣೆಗೆ ಕರಗಿಹೋಗುತ್ತದೆ. ತೊಳೆದ ನೀರು ಬಾವಿಯ ಕಡೆ ಹರಿಯದಂತೆ ನೋಡಿಕೊಳ್ಳಿ.

ಮುದ್ರಣವನ್ನು ಮೇಣಕ್ಕೆ ಸೇರಿಸುವುದು

ಮೇಣದ ಮೇಲೆ ನೇರವಾಗಿ ನೀರಿನ ಶಾಯಿ ಮುದ್ರಿಸಿದರೆ ಅದು ಹನಿಗಟ್ಟಿ ಜಾರುತ್ತದೆ. ಹಾಗಾಗಿ ತೆಳು ಟಿಶ್ಯೂ ಕಾಗದ ಅಥವಾ ಕೈಕಾಗದದ ಮೇಲೆ ಮುದ್ರಿಸಿ, ಒಣಗಿಸಿ, ಮೇಣದೊಳಗೆ ಹುದುಗಿಸಬೇಕು. ಮೇಣ ಹೀರಿದ ಕಾಗದ ಪಾರದರ್ಶಕವಾಗಿ ಮರೆಯಾಗಿ, ಶಾಯಿ ಮಾತ್ರ ಪದರಗಳ ನಡುವೆ ತೇಲುವಂತೆ ಕಾಣುತ್ತದೆ.

ಶಾಯಿಯಲ್ಲಿ ಅಕ್ರಿಲಿಕ್ ಹೆಚ್ಚಿದ್ದರೆ ಕಾಗದದ ರಂಧ್ರ ಮುಚ್ಚಿ ಮೇಣ ಇಳಿಯುವುದಿಲ್ಲ. ಗೌಶ್ ಬಣ್ಣವನ್ನು (ನೀರಿನಲ್ಲಿ ಕಲಸುವ, ಅಡಿಯದು ಕಾಣದಂತೆ ಮುಚ್ಚುವ ಬಣ್ಣ) ಸೋಸಿದ ಮೈದಾ ಗಂಜಿಯಲ್ಲಿ ಗಟ್ಟಿ ಮೊಸರಿನ ಹದಕ್ಕೆ ಕಲಸಿ ಬಳಸಿದರೆ ಈ ತೊಂದರೆ ಇಲ್ಲ. ಗಂಜಿಗೆ ಒಂದೆರಡು ತೊಟ್ಟು ಲವಂಗದೆಣ್ಣೆ ಹಾಕಿದರೆ ಬೇಗ ಬೂಸ್ಟು ಹಿಡಿಯುವುದಿಲ್ಲ. ಫ್ರೇಮಿನ ಮೂಲೆಗಳಡಿ ನಾಣ್ಯ ಇಟ್ಟು ಕಾಗದದಿಂದ ಎರಡು ಮಿಲಿಮೀಟರಿನಷ್ಟು ಎತ್ತರದಲ್ಲಿರಿಸಿ, ಸ್ಕ್ವೀಜಿಯನ್ನು (ಶಾಯಿ ಎಳೆಯುವ ರಬ್ಬರಿನ ಪಟ್ಟಿ) ಸುಮಾರು 45 ಡಿಗ್ರಿಗೆ ಬಾಗಿಸಿ ಒಂದೇ ಎಳೆತದಲ್ಲಿ ಎಳೆಯಬೇಕು. ಅದೇ ವಿನ್ಯಾಸವನ್ನು ತುಸು ಸರಿಸಿ ಬೇರೆ ಬಣ್ಣದಲ್ಲಿ ಮತ್ತೊಮ್ಮೆ ಮುದ್ರಿಸಿದರೆ ಹೆಂಚಿನ ಒರಟು ಎರಡರಷ್ಟು ಆಳವಾಗಿ ಕಾಣುತ್ತದೆ. ಗಂಜಿಯ ಶಾಯಿ ಸ್ಕ್ರೀನಿನ ರಂಧ್ರದಲ್ಲಿ ಬೇಗ ಒಣಗುವುದರಿಂದ ಮುದ್ರಿಸಿದ ಕೂಡಲೇ ತೊಳೆಯಬೇಕು. ಥಿನ್ನರ್ ಬೇಕಾಗುವ ಶಾಯಿಯನ್ನು ಯಾರಾದರೂ ಬಳಸುವುದಾದರೆ, ಕಾವಲಿ ಕಾದಿರುವ ದಿನ ಆ ಡಬ್ಬಿಯ ಮುಚ್ಚಳವನ್ನು ತೆರೆಯಲೇಬಾರದು.

ಹುದುಗಿಸುವ ಮುನ್ನ ಮುದ್ರಿತ ಕಾಗದ ಒಂದು ಇಡೀ ದಿನ ಒಣಗಲಿ. ಮೋಡವಿದ್ದರೆ ಹೇರ್ ಡ್ರೈಯರ್ ಹಿಡಿಯಿರಿ. ಬೆಸೆದು ತಣಿಸಿದ ಸಮತಟ್ಟಾದ ಮೇಣದ ಮೇಲೆ ಕಾಗದ ಹರಡಿ, ನಡುವಿನಿಂದ ಅಂಚಿಗೆ ಬೆರಳಲ್ಲಿ ಸವರಿ, ಬಣ್ಣವಿಲ್ಲದ ಮೇಣವನ್ನು ಅದರ ಮೇಲೆ ಒಂದೇ ಹದದಲ್ಲಿ ಹಚ್ಚಿ, ಬಿಸಿಯನ್ನೂ ನಡುವಿನಿಂದ ಹೊರಕ್ಕೆ ಒಯ್ಯಬೇಕು. ಎಲ್ಲಾದರೂ ಕಾಗದ ಬಿಳಿಯಾಗಿಯೇ ಉಳಿದರೆ ಅಲ್ಲಿ ಗಾಳಿಯಿದೆ; ಸೂಜಿಯಿಂದ ಚುಚ್ಚಿ ಮತ್ತೆ ಬಿಸಿಮಾಡಿ ಒತ್ತಿದರೆ ಕೂರುತ್ತದೆ. ಮುದ್ರಣದ ಮೇಲೆ ಒಂದು ತೆಳು ಪದರ ಬಿಟ್ಟು, ಕುಂಚದ ಒರಟನ್ನೋ ಕಾವಿಯಂಥ ಕೊರೆತವನ್ನೋ ಹಲಗೆಯ ಒಂದು ಭಾಗದಲ್ಲಿ ಮಾತ್ರ ಕಟ್ಟುವುದು ನನಗೆ ಮೆಚ್ಚುಗೆ. ಎಲ್ಲೆಡೆ ಒರಟು ತುಂಬಿದರೆ ಒಳಗಿನ ಮುದ್ರಣ ಕಾಣುವುದೇ ಇಲ್ಲ.

ಮುಗಿದ ಹಲಗೆಯ ಹಿಂಬದಿಗೂ ಅಂಚಿಗೂ ಒಂದು ಪದರ ಮೇಣ ಹಚ್ಚಿದರೆ ಮಳೆಗಾಲದಲ್ಲಿ ಮರ ತೇವ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಗೋಡೆಗೂ ಹಲಗೆಗೂ ನಡುವೆ ಗಾಳಿಯಾಡಲು ಮೂಲೆಗಳಲ್ಲಿ ಕಾರ್ಕಿನ ಬಿಲ್ಲೆ ಅಂಟಿಸಬಹುದು. ಮೊದಲ ಕೆಲವು ತಿಂಗಳಲ್ಲಿ ಮೇಲ್ಮೈಗೆ ಬೂದಿಯಂಥ ಬಿಳುಪು ಕವಿದರೆ ಅದು ಬೂಸ್ಟಲ್ಲ, ಮೇಣದ ಸಹಜ ಗುಣ. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಹಗುರವಾಗಿ ಉಜ್ಜಿದರೆ ಹೋಗುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ. ಚಿತ್ರವನ್ನು ಬೇರೆ ಊರಿಗೆ ಒಯ್ಯುವಾಗ ಬಬಲ್ ರ‍್ಯಾಪನ್ನು ನೇರವಾಗಿ ಸುತ್ತದೆ, ಮೊದಲು ಬಟರ್ ಪೇಪರ್ ಹೊದಿಸಬೇಕು, ಇಲ್ಲದಿದ್ದರೆ ಗುಳ್ಳೆಗಳ ಅಚ್ಚು ಮೇಣದ ಮೇಲೆ ಮೂಡುತ್ತದೆ. ಮತ್ತು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಟ್ಟು ಊಟಕ್ಕೆ ಹೋಗಬಾರದು, ಮುಚ್ಚಿದ ಕಾರಿನ ಬಿಸಿ ಮೇಣದ ಕರಗುವ ಮಟ್ಟದ ಹತ್ತಿರಕ್ಕೆ ಹೋಗಬಲ್ಲದು.